ಈ ಸಲ ನಮ್ಮ ವಾರ್ಡ್ ಯಾರಿಗೆ?

ಅಧಿಕಾರವನ್ನು ಗುಂಪುಗಳ ನಡುವೆ ಹಂಚುವುದು ಹೇಗೆ ಎಂಬುದು ಬೈರೂತ್‌, ಬೆಲ್‌ಫಾಸ್ಟ್‌ಗಳ ಪ್ರಶ್ನೆ ಮಾತ್ರವಲ್ಲ. ಬೆಂಗಳೂರಿನ ಕೊಡಿಗೇಹಳ್ಳಿಯಂಥ ವಾರ್ಡಿನಲ್ಲೂ ಪ್ರತಿ ಚುನಾವಣೆಗೆ ಮೊದಲು ಅದೇ ಪ್ರಶ್ನೆ ಏಳುತ್ತದೆ.

ವಾರ್ಡ್ ಮೀಸಲಾತಿ ಪಟ್ಟಿ ನೋಡಲು ಬಹಳ ಸಾದಾ. ಎಡಗಡೆ ವಾರ್ಡ್ ಸಂಖ್ಯೆ, ಮಧ್ಯದಲ್ಲಿ ವಾರ್ಡಿನ ಹೆಸರು, ಕೊನೆಯ ಕಾಲಂನಲ್ಲಿ ಒಂದೆರಡು ಪದ: ಸಾಮಾನ್ಯ, ಸಾಮಾನ್ಯ ಮಹಿಳೆ, ಹಿಂದುಳಿದ ವರ್ಗ-ಎ, ಹಿಂದುಳಿದ ವರ್ಗ-ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಗೆಜೆಟ್ ಅಧಿಸೂಚನೆಯ ಪಿಡಿಎಫ್ ವಾಟ್ಸ್‌ಆ್ಯಪ್‌ಗೆ ಬಿದ್ದ ಅರ್ಧ ಗಂಟೆಯಲ್ಲಿ ಆ ಕೊನೆಯ ಕಾಲಂ ಬಡಾವಣೆಯ ರಾಜಕೀಯವನ್ನೇ ಬುಡಮೇಲು ಮಾಡಿರುತ್ತದೆ. ಐದು ವರ್ಷ ಮದುವೆ, ನಾಮಕರಣ, ತಿಥಿ ಒಂದನ್ನೂ ಬಿಡದೆ ಓಡಾಡಿ, ಗಣೇಶನ ಪೆಂಡಾಲಿಗೂ ಅಣ್ಣಮ್ಮನ ಉತ್ಸವಕ್ಕೂ ಕೈಬಿಚ್ಚಿ ಕೊಟ್ಟ ಟಿಕೆಟ್ ಆಕಾಂಕ್ಷಿ ಒಂದೇ ಸಾಲು ಓದಿ ತಣ್ಣಗಾಗುತ್ತಾನೆ. ‘ಲೇಡೀಸ್ ಬಂದಿದೆ’ ಎಂದಾದರೆ ವಾರದೊಳಗೆ ಅವನ ಮನೆಯವರ ಫೋಟೊ ಇರುವ ಫ್ಲೆಕ್ಸ್ ಸರ್ಕಲ್‌ನಲ್ಲಿ ಎದ್ದು ನಿಲ್ಲುತ್ತದೆ. ‘ಎಸ್‌ಸಿ ಬಂದಿದೆ’ ಎಂದಾದರೆ ಕಣ್ಣು ಪಕ್ಕದ ವಾರ್ಡಿನ ಮೇಲೆ. ಅದೇ ಸಾಲು ಇನ್ನೊಬ್ಬರಿಗೆ ಜೀವಮಾನದಲ್ಲಿ ಮೊದಲ ಬಾರಿ ತೆರೆದ ಬಾಗಿಲು.

ಕೊಡಿಗೇಹಳ್ಳಿ ಈ ಲೆಕ್ಕಾಚಾರಕ್ಕೆ ಬಂದದ್ದು ತೀರ ಇತ್ತೀಚೆಗೆ. 2007ರಲ್ಲಿ ಬ್ಯಾಟರಾಯನಪುರ ನಗರಸಭೆಯೂ ಸೇರಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳು ಬೆರೆತು ಬಿಬಿಎಂಪಿ ಆಯಿತು. ಆಮೇಲೆ ರಚನೆಯಾದ 198 ವಾರ್ಡ್‌ಗಳಲ್ಲಿ ಕೊಡಿಗೇಹಳ್ಳಿ 8ನೆಯದು. ಬಳ್ಳಾರಿ ರಸ್ತೆಯ ಗೇಟಿನಿಂದ ಒಳಗೆ ಬಂದರೆ ಹಳೇ ಊರು, ಅದರ ದೇವಸ್ಥಾನ, ಹಿಂದೊಮ್ಮೆ ಹೊಲವಾಗಿದ್ದ ಕಡೆ ಎದ್ದ ಲೇಔಟ್‌ಗಳು, ಆಚೆಗೆ ಸಹಕಾರ ನಗರ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಒಂದರ ಪಕ್ಕ ಒಂದು ಅಪಾರ್ಟ್‌ಮೆಂಟ್. ಊರಿನ ಗೌಡರ ಮನೆ, ಹಳೇ ಊರಿನ ದಲಿತ ಕೇರಿ, ಕೆಲಸ ಹುಡುಕಿ ಉತ್ತರ ಕರ್ನಾಟಕದಿಂದ ಬಂದವರು, ತೆಲುಗು–ತಮಿಳು–ಹಿಂದಿ ಮನೆಮಾತಿನವರು, ಎಲ್ಲರಿಗೂ ಒಬ್ಬರೇ ಕಾರ್ಪೊರೇಟರ್. ಆ ಒಂದು ಕುರ್ಚಿಯನ್ನು ಇಷ್ಟು ಗುಂಪುಗಳ ನಡುವೆ ಹಂಚುವ ಬಗೆ ಯಾವುದು?

ಹಂಚಿಕೊಳ್ಳುವವರ ಎರಡು ದಾರಿ

ಈ ಪ್ರಶ್ನೆಗೆ ಶಾಸ್ತ್ರದ ರೂಪ ಕೊಟ್ಟವರು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ರಾಜ್ಯಶಾಸ್ತ್ರಜ್ಞ ಅರೆಂಡ್ ಲೈಪ್‌ಹಾರ್ಟ್. ಧರ್ಮ, ಭಾಷೆ, ಜನಾಂಗಗಳಲ್ಲಿ ಒಡೆದ ಸಮಾಜದಲ್ಲಿ ‘ಹೆಚ್ಚು ಮತ ಪಡೆದವರದೇ ರಾಜ್ಯ’ ಎಂದರೆ ಸಣ್ಣ ಗುಂಪು ಎಂದೆಂದಿಗೂ ಹೊರಗೇ ಉಳಿಯುತ್ತದೆ. ಹೊರಗುಳಿದವರು ಒಂದು ದಿನ ಬೀದಿಗಿಳಿಯುತ್ತಾರೆ. ಆದ್ದರಿಂದ ನಾಲ್ಕು ಏರ್ಪಾಡು ಬೇಕೆಂದು ಅವರು 1977ರ ತಮ್ಮ ಪುಸ್ತಕದಲ್ಲಿ ವಾದಿಸಿದರು: ಎಲ್ಲ ಮುಖ್ಯ ಗುಂಪುಗಳ ನಾಯಕರೂ ಇರುವ ಸರ್ಕಾರ, ಜನಸಂಖ್ಯೆಗೆ ತಕ್ಕ ಪಾಲು, ತಂತಮ್ಮ ಶಾಲೆ–ಸಂಸ್ಕೃತಿಯ ವಿಷಯದಲ್ಲಿ ಗುಂಪುಗಳಿಗೆ ಸ್ವಾಯತ್ತತೆ, ಜೀವನ್ಮರಣದ ಸಂಗತಿಗಳಲ್ಲಿ ಪರಸ್ಪರ ವೀಟೊ ಅಧಿಕಾರ. ಭಾರತದ ಪ್ರಜಾಪ್ರಭುತ್ವ ಇಷ್ಟು ಕಾಲ ಬಾಳಿದ್ದು ಈ ನಾಲ್ಕೂ ಇಲ್ಲಿ ಯಾವುದೋ ರೂಪದಲ್ಲಿ ಇದ್ದದ್ದರಿಂದಲೇ ಎಂದು 1996ರಲ್ಲಿ ಅವರು ಬರೆದರು.

ಎದುರು ವಾದ ಹೂಡಿದವರು ಅಮೆರಿಕದ ಡೊನಾಲ್ಡ್ ಹೊರೊವಿಟ್ಜ್. ಗುಂಪಿನ ಹೆಸರಲ್ಲೇ ಕುರ್ಚಿ ಕೊಟ್ಟರೆ ನಾಯಕನಿಗೆ ಗುಂಪನ್ನು ಬಿಗಿಯಾಗಿ ಕಟ್ಟಿಡುವುದೇ ಕಸುಬಾಗುತ್ತದೆ ಎಂಬುದು ಅವರ ಆಕ್ಷೇಪ. ತನ್ನವರ ಮತವಷ್ಟೇ ಸಾಲದ, ಬೇರೆಯವರ ಮತ ಕೇಳಲೇಬೇಕಾದ ಚುನಾವಣೆ ಮಾಡಿ. ಆಗ ನಾಯಕರು ತಾವಾಗಿಯೇ ಮೆತ್ತಗಾಗುತ್ತಾರೆ ಎಂದರು.

ಒಬ್ಬರು ಪಾಲು ಕೊಡಿ ಎನ್ನುತ್ತಾರೆ, ಇನ್ನೊಬ್ಬರು ಬೆರೆಸಿ ಎನ್ನುತ್ತಾರೆ. ಕರ್ನಾಟಕ ಎರಡನ್ನೂ ಒಟ್ಟಿಗೆ ಮಾಡಿ ನೋಡಿದೆ. ಜತೆಗೆ ಮೂರನೆಯದೊಂದನ್ನೂ ಸೇರಿಸಿದೆ: ಪಾಲನ್ನು ತಿರುಗಿಸುವುದು.

ಮೈಸೂರಿನಲ್ಲಿ ಹಾಕಿದ ಮೊದಲ ಲೆಕ್ಕ

ನಮ್ಮ ಪಾಲಿನ ಚರ್ಚೆಗೆ ನೂರು ವರ್ಷ ದಾಟಿತು. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಹಾಸ್ಟೆಲ್, ವಿದ್ಯಾರ್ಥಿವೇತನ, ಪತ್ರಿಕೆಗಳಿಂದ ಶುರುವಾದ ಸಂಘಗಳು ಬೇಗನೆ ಸರ್ಕಾರಿ ನೌಕರಿಯ ಪ್ರಶ್ನೆಗೆ ಬಂದು ನಿಂತವು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ ಬ್ರಾಹ್ಮಣೇತರ ನಾಯಕರು ಮರುವರ್ಷ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮುಂದೆ ಅಹವಾಲು ಇಟ್ಟರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸು ಇದ್ದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಹೊಂದಿದ್ದರು.

ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಈ ಬಗೆಯ ನೀತಿಯನ್ನು ಒಪ್ಪದ ದಿವಾನ್ ಎಂ. ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂಬುದು ಮಿಲ್ಲರ್ ಸಮಿತಿಯ ಶಿಫಾರಸು. 1921ರಲ್ಲಿ ಅದು ಸರ್ಕಾರಿ ಆದೇಶವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಪಾಲು ಕೊಡಬೇಕಾದರೆ ಮೊದಲು ಗುಂಪಿಗೆ ಹೆಸರಿಡಬೇಕು. ಮಿಲ್ಲರ್ ಲೆಕ್ಕದಲ್ಲಿ ಜಮೀನ್ದಾರ ಗೌಡ, ಮಠದ ಬೆನ್ನಿದ್ದ ಲಿಂಗಾಯತ, ಪೇಟೆಯ ಮುಸ್ಲಿಂ ವರ್ತಕ, ಊರ ಹೊರಗಿನ ಕೇರಿಯ ಕೂಲಿಯವ ಎಲ್ಲರೂ ಒಂದೇ ಸಾಲಿಗೆ ಬಂದರು. ಆದೇಶದ ಅನುಕೂಲಕ್ಕೆ ಹುಟ್ಟಿದ ಆ ದೊಡ್ಡ ಗುಂಪು ಪಾಲು ಸಿಕ್ಕ ಮೇಲೆ ಒಳಗೊಳಗೇ ಸೀಳಿತು. ಮುಂದೆ ಬಂದ ಎರಡು ಜಾತಿಗಳು ಮುಂದೆಯೇ ಉಳಿದವು, ಹಿಂದಿದ್ದವು ಹಿಂದೆಯೇ. 1956ರ ಏಕೀಕರಣದ ಹೊತ್ತಿಗೆ ಹಳೇ ಮೈಸೂರಿನ ಒಕ್ಕಲಿಗ ನಾಯಕರಲ್ಲಿ ಹಲವರನ್ನು ಕಾಡಿದ್ದು ಇದೇ ಲೆಕ್ಕ: ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಕೈ ಮೇಲಾಗುತ್ತದೆ. ಕೆಂಗಲ್ ಹನುಮಂತಯ್ಯ ಆ ಭಯವನ್ನು ಬದಿಗಿಟ್ಟು ಏಕೀಕರಣದ ಪರ ನಿಂತರು. ಲೆಕ್ಕವೇನೂ ಸುಳ್ಳಾಗಲಿಲ್ಲ. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್ ನಾಲ್ವರೂ ಲಿಂಗಾಯತರೇ.

ಆ ಸರಪಳಿ ಕಡಿದವರು ಸಂಖ್ಯೆಯಲ್ಲಿ ತೀರ ಸಣ್ಣದಾದ ಅರಸು ಸಮುದಾಯದ ದೇವರಾಜ ಅರಸು. ತಮ್ಮದೇ ಜಾತಿಯ ಬಲ ನೆಚ್ಚುವಂತಿಲ್ಲದ ಅವರು ಸಣ್ಣಪುಟ್ಟ ಜಾತಿಗಳನ್ನು ಕೂಡಿಸಿದರು. 1972ರಲ್ಲಿ ಎಲ್.ಜಿ. ಹಾವನೂರು ಆಯೋಗ ನೇಮಿಸಿ, 1975ರಲ್ಲಿ ವರದಿ ಪಡೆದು, 1977ರಲ್ಲಿ ಜಾರಿಗೆ ತಂದರು. ಮಿಲ್ಲರ್ ಕಾಲದ ಒಂದೇ ಸಾಲು ಹಲವು ಸಾಲುಗಳಾದದ್ದು ಆಗ. ಅಲ್ಲಿಂದ ಮುಂದೆ ಸಂಪುಟ ರಚನೆ ಎಂದರೆ ಜಾತಿವಾರು ಜಮಾಖರ್ಚು. 2012ರಲ್ಲಿ ಲಿಂಗಾಯತ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಪಕ್ಕದಲ್ಲಿ ಕುರುಬ ಸಮುದಾಯದ ಈಶ್ವರಪ್ಪ, ಒಕ್ಕಲಿಗ ಅಶೋಕ ಉಪಮುಖ್ಯಮಂತ್ರಿಗಳು. 2019ರಲ್ಲಿ ಯಡಿಯೂರಪ್ಪ ಅವರ ಜತೆ ದಲಿತ, ಒಕ್ಕಲಿಗ, ಲಿಂಗಾಯತ ಮೂವರು. 2023ರಲ್ಲಿ ಸಿದ್ದರಾಮಯ್ಯ–ಶಿವಕುಮಾರ್ ಜೋಡಿ. ಸಂವಿಧಾನದಲ್ಲಿ ಉಪಮುಖ್ಯಮಂತ್ರಿ ಎಂಬ ಹುದ್ದೆಯೇ ಇಲ್ಲ. ಆದರೂ ಲೈಪ್‌ಹಾರ್ಟ್ ಹೇಳಿದ ‘ಎಲ್ಲ ಗುಂಪಿನ ಸರ್ಕಾರ’ ಕಾನೂನಿನ ಹಂಗಿಲ್ಲದೆ ಇಲ್ಲಿ ರೂಢಿಗೆ ಬಂದಿದೆ.

ಪಾಲು ಕಲ್ಲಾದರೆ

ಇಂಥ ರೂಢಿ ಅಲುಗಾಡದಂತೆ ಗಟ್ಟಿಯಾದರೆ ಏನಾಗುತ್ತದೆ ಎನ್ನಲು ಲೆಬನಾನ್ ನಿದರ್ಶನ. 1943ರ ರಾಷ್ಟ್ರೀಯ ಒಪ್ಪಂದದಂತೆ ಅಲ್ಲಿ ರಾಷ್ಟ್ರಾಧ್ಯಕ್ಷ ಮೆರೊನೈಟ್ ಕ್ರೈಸ್ತ, ಪ್ರಧಾನಿ ಸುನ್ನಿ, ಸಂಸತ್ತಿನ ಸ್ಪೀಕರ್ ಷಿಯಾ. ಸಂಸತ್ತಿನಲ್ಲಿ ಐವರು ಮುಸ್ಲಿಮರಿಗೆ ಆರು ಕ್ರೈಸ್ತರು. ಈ ಲೆಕ್ಕಕ್ಕೆ ಆಧಾರ 1932ರ ಜನಗಣತಿ. ಜನಸಂಖ್ಯೆ ಬದಲಾಯಿತು, ಪಾಲು ಬದಲಾಗಲಿಲ್ಲ. 1975ರಿಂದ 15 ವರ್ಷ ನಡೆದ ಅಂತರ್ಯುದ್ಧಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. 1989ರ ತಾಯಿಫ್ ಒಪ್ಪಂದ ಪಾಲನ್ನು ಸಮ ಮಾಡಿ ಸಂಸತ್ತಿನ ಸ್ಥಾನಗಳನ್ನು ಅರ್ಧರ್ಧ ಹಂಚುವ ಸ್ಥಿತಿಗೆ ತಂದಿತು. ಮೂರು ದೊಡ್ಡ ಕುರ್ಚಿಗಳು ಮಾತ್ರ ಇದ್ದಲ್ಲೇ ಉಳಿದವು. 1932ರ ಬಳಿಕ ಅಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲ. ಎಣಿಸಿದರೆ ಪಾಲು ಅಲುಗಾಡುತ್ತದೆ ಎಂಬ ಅಂಜಿಕೆ.

ಉತ್ತರ ಐರ್ಲೆಂಡಿನದು ಬೇರೆ ಕಥೆ. 1998ರ ಶುಭ ಶುಕ್ರವಾರದ ಒಪ್ಪಂದದ ಪ್ರಕಾರ ಗೆದ್ದ ಸದಸ್ಯರು ತಾವು ಯೂನಿಯನಿಸ್ಟರೋ (ಬ್ರಿಟನ್ ಜತೆ ಉಳಿಯಬೇಕೆನ್ನುವವರು) ನ್ಯಾಷನಲಿಸ್ಟರೋ (ಐರ್ಲೆಂಡ್ ಒಂದಾಗಬೇಕೆನ್ನುವವರು) ಇತರರೋ ಎಂದು ಸದನದಲ್ಲಿ ದಾಖಲಿಸಬೇಕು. ಮುಖ್ಯ ನಿರ್ಣಯಗಳಿಗೆ ಎರಡೂ ಕಡೆಯ ಬೆಂಬಲ ಬೇಕು. ಬಂದೂಕು ಕೆಳಗಿಳಿಸಿದ ದೊಡ್ಡ ಸಾಧನೆ ಈ ಒಪ್ಪಂದದ್ದು. ಆದರೆ ಒಂದು ಕಡೆಯವರು ಎದ್ದುಹೋದರೆ ಸರ್ಕಾರವೇ ಬೀಳುತ್ತದೆ. 2022ರ ಫೆಬ್ರುವರಿಯಲ್ಲಿ ಯೂನಿಯನಿಸ್ಟ್ ಪಕ್ಷದ ಮುಖ್ಯಸಚಿವ ರಾಜೀನಾಮೆ ಕೊಟ್ಟ ಮೇಲೆ ಪೂರ್ಣ ಪ್ರಮಾಣದ ಸರ್ಕಾರ ಮರಳಿದ್ದು 2024ರ ಫೆಬ್ರುವರಿಗೆ. ‘ಇತರರು’ ಎಂದು ಬರೆಸಿದವರ ಮತಕ್ಕೆ ಇಂಥ ನಿರ್ಣಯಗಳಲ್ಲಿ ತೂಕ ಕಡಿಮೆ. ಯಾವ ಬಣಕ್ಕೂ ಸೇರದಿರುವುದೇ ಅಲ್ಲಿ ಅನನುಕೂಲ.

ಬೇರೆಯವರ ಮತ ಕೇಳಬೇಕು

ಇಂಡಿಯಾದ ಮೀಸಲು ಕ್ಷೇತ್ರದ ಗುಣ ನಿರ್ಧಾರವಾದದ್ದು 1932ರ ಪುಣೆ ಒಪ್ಪಂದದಲ್ಲಿ. ಪ್ರತ್ಯೇಕ ಮತದಾರ ವರ್ಗ ಕೇಳಿದ್ದ ಅಂಬೇಡ್ಕರ್, ಗಾಂಧಿ ಉಪವಾಸದ ಒತ್ತಡದಲ್ಲಿ ಮೀಸಲು ಸ್ಥಾನಗಳ ಜಂಟಿ ಮತದಾನಕ್ಕೆ ಒಪ್ಪಬೇಕಾಯಿತು. ಅಭ್ಯರ್ಥಿ ಒಂದು ಗುಂಪಿನವರು, ಮತ ಎಲ್ಲರದೂ.

ಇದರ ಬಲ ಮತ್ತು ಬೆಲೆ ಎರಡನ್ನೂ ಕಾಣಲು ದೂರ ಹೋಗಬೇಕಿಲ್ಲ. ಆರ್.ಟಿ. ನಗರದ ಆಚೆಗಿನ ಪುಲಿಕೇಶಿನಗರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಮತದಾರರಲ್ಲಿ ಮುಸ್ಲಿಮರ ಪಾಲು ದೊಡ್ಡದು. 2018ರಲ್ಲಿ ಅಲ್ಲಿ ದಲಿತ ನಾಯಕ ಅಖಂಡ ಶ್ರೀನಿವಾಸಮೂರ್ತಿ ಗೆದ್ದ ಅಂತರ 81 ಸಾವಿರಕ್ಕೂ ಹೆಚ್ಚು, ಆ ಚುನಾವಣೆಯಲ್ಲಿ ರಾಜ್ಯಕ್ಕೇ ಅತಿ ದೊಡ್ಡದು. ಹೊರೊವಿಟ್ಜ್ ಬಯಸಿದ ಬೆರಕೆ ಎಂದರೆ ಇದೇ. 2020ರ ಆಗಸ್ಟ್ 11ರ ರಾತ್ರಿ, ಅವರ ಸಂಬಂಧಿಯೊಬ್ಬರ ಫೇಸ್‌ಬುಕ್ ಪೋಸ್ಟ್ ನೆಪವಾಗಿ, ಅದೇ ಶಾಸಕರ ಮನೆಗೆ ಗುಂಪೊಂದು ಬೆಂಕಿ ಇಟ್ಟಿತು. 2023ರಲ್ಲಿ ಕಾಂಗ್ರೆಸ್ ಅವರಿಗೆ ಟಿಕೆಟ್ ಕೊಡಲಿಲ್ಲ. ಬೇರೆಯವರ ಮತದಿಂದ ಗೆದ್ದ ಪ್ರತಿನಿಧಿಯ ನೆಲೆ ಎಷ್ಟು ಗಟ್ಟಿ ಎಂಬ ಅಂಬೇಡ್ಕರ್ ಅವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಎರಡು ಬಡ ಸಮುದಾಯಗಳು ಒಬ್ಬನೇ ಅಭ್ಯರ್ಥಿಯ ಬೆನ್ನಿಗೆ ನಿಲ್ಲಬಲ್ಲವು ಎಂಬುದನ್ನು ತೋರಿಸಿದ್ದೂ ಅದೇ ಕ್ಷೇತ್ರ.

ತಿರುಗುವ ಕುರ್ಚಿ

ವಿಧಾನಸಭೆಯ ಮೀಸಲು ಕ್ಷೇತ್ರ ಮುಂದಿನ ಪುನರ್ವಿಂಗಡಣೆಯವರೆಗೆ ದಶಕಗಟ್ಟಲೆ ಮೀಸಲಾಗಿಯೇ ಉಳಿಯುತ್ತದೆ. ವಾರ್ಡ್ ಹಾಗಲ್ಲ. ಅದು ಆವರ್ತನದಲ್ಲಿ ತಿರುಗುತ್ತದೆ. 1983ರ ಕಾಯ್ದೆಯಡಿ 1987ರಲ್ಲಿ ನಡೆದ ಜಿಲ್ಲಾ ಪರಿಷತ್–ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25 ಸ್ಥಾನ ಕೊಟ್ಟಿತ್ತು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಬಂದದ್ದು ಆಮೇಲೆ. 2015ರ ಬಿಬಿಎಂಪಿ ಚುನಾವಣೆ ಹೊತ್ತಿಗೆ ಆ ಪಾಲು ಅರ್ಧಕ್ಕೆ ಏರಿತ್ತು. ಹಿಂದುಳಿದ ವರ್ಗಗಳಿಗೆ ಮೂರನೇ ಒಂದರ ಆಸುಪಾಸು. ಅದರೊಳಗೆ ಶೇ 80 ‘ಎ’ ಪ್ರವರ್ಗಕ್ಕೆ, ಶೇ 20 ‘ಬಿ’ಗೆ. ಮಿಲ್ಲರ್ ಮಾಡದೆ ಬಿಟ್ಟ ಒಳವಿಂಗಡಣೆ ಇಲ್ಲಿ ಕಾನೂನಿನಲ್ಲೇ ಇದೆ.

ತಿರುಗುವ ಪಾಲಿನ ದೊಡ್ಡ ಗುಣವೆಂದರೆ ಯಾವ ಜಾತಿಯೂ ವಾರ್ಡನ್ನು ‘ನಮ್ಮದು’ ಎಂದು ಬರೆದುಕೊಳ್ಳಲಾಗದು. ಇಂದು ಹೊರಗಿರುವವರಿಗೆ ನಾಳೆ ಸರದಿ ಇದೆ. ಲೆಬನಾನಿಗೆ ಸಿಗದೇ ಹೋದದ್ದು ಇದೇ ಭರವಸೆ.

ಬೆಲೆಯೂ ಉಂಟು. ಮೀಸಲಿನಲ್ಲಿ ಗೆದ್ದು ಚರಂಡಿ, ಬೀದಿದೀಪ, ಖಾತಾ ಎಂದು ಐದು ವರ್ಷ ಓಡಾಡಿ ಕೆಲಸ ಕಲಿತ ಹೆಣ್ಣುಮಗಳಿಗೆ ಮುಂದಿನ ಸಲ ಟಿಕೆಟ್ ಸಿಗುವುದು ಕಷ್ಟ. ಅಷ್ಟರಲ್ಲಿ ವಾರ್ಡ್ ಬೇರೆ ಕಾಲಂಗೆ ಹೋಗಿರುತ್ತದೆ. ಮತ್ತೆ ಇದೇ ವಾರ್ಡಿನಲ್ಲಿ ನಿಲ್ಲುವ ಖಾತ್ರಿ ಇಲ್ಲದವರು ಮತದಾರನ ಮುಂದಿಗಿಂತ ಟಿಕೆಟ್ ಕೊಡಿಸುವ ಶಾಸಕರ ಮುಂದೆ ಹೆಚ್ಚು ತಗ್ಗಿ ನಡೆಯುತ್ತಾರೆ. ಮೇಯರ್ ಕುರ್ಚಿಯದು ಇನ್ನೂ ಅವಸರ. 2015ರಿಂದ 2020ರವರೆಗೆ ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್, ವರ್ಷಕ್ಕೊಬ್ಬರಂತೆ ಐವರು. ಬಜೆಟ್ ಮಂಡಿಸಿ, ಮಳೆಗಾಲದ ಪ್ರವಾಹ ಒಂದು ಸಲ ನೋಡುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಇದರ ಮೇಲೆ ಪಕ್ಷಗಳ ಹಂಚಿಕೆ ಬೇರೆ. 2015ರಲ್ಲಿ 198ರಲ್ಲಿ 100 ಸ್ಥಾನ ಗೆದ್ದದ್ದು ಬಿಜೆಪಿ. ಆದರೆ ಶಾಸಕರು, ಸಂಸದರು, ಪರಿಷತ್ ಸದಸ್ಯರಿಗೂ ಮತವಿದ್ದದ್ದರಿಂದ 76 ಗೆದ್ದ ಕಾಂಗ್ರೆಸ್ 14 ಗೆದ್ದ ಜೆಡಿಎಸ್ ಜತೆಗೂಡಿ ಮೇಯರ್ ಸ್ಥಾನ ಹಿಡಿಯಿತು, ಉಪಮೇಯರ್ ಜೆಡಿಎಸ್‌ಗೆ. 2020ರ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಹಿಗ್ಗಿಸಿತು. ಒಳ್ಳೆಯ ಬದಲಾವಣೆಯೇ. ಆದರೆ ಅದರ ಫಲ ನೋಡಲು ಆ ಪಾಲಿಕೆಗೆ ಚುನಾವಣೆಯೇ ನಡೆಯಲಿಲ್ಲ.

ಎಣಿಸಲು ಅಂಜಿಕೆ

ಪಾಲು ತಿರುಗಬೇಕಾದರೆ ಯಾರು ಎಷ್ಟಿದ್ದಾರೆ ಎಂದು ಗೊತ್ತಿರಬೇಕು. ಈ ವಿಷಯದಲ್ಲಿ ನಾವೂ ಲೆಬನಾನಿನ ನೆಂಟರೇ. ಎಲ್ಲ ಜಾತಿಗಳ ಪೂರ್ಣ ಎಣಿಕೆ ದೇಶಾದ್ಯಂತ ಕೊನೆಯ ಬಾರಿ ಪ್ರಕಟವಾದದ್ದು 1931ರಲ್ಲಿ. ಲೆಬನಾನಿನ ಕೊನೆಯ ಗಣತಿಗಿಂತ ಒಂದೇ ವರ್ಷ ಹಿಂದೆ. ಕರ್ನಾಟಕ 2015ರಲ್ಲಿ ಎಚ್. ಕಾಂತರಾಜು ಆಯೋಗದಿಂದ ಮನೆ ಮನೆ ಸಮೀಕ್ಷೆ ಮಾಡಿಸಿತು. ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ, ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷರಾಗಿದ್ದಾಗ. ತಮ್ಮ ಸಂಖ್ಯೆ ಕಡಿಮೆ ತೋರಿಸಲಾಗಿದೆ ಎಂದು ಲಿಂಗಾಯತ, ಒಕ್ಕಲಿಗ ಸಂಘಟನೆಗಳು ಎದ್ದುನಿಂತವು. 2025ರ ಜೂನ್‌ನಲ್ಲಿ ಸರ್ಕಾರ ಮರುಸಮೀಕ್ಷೆಗೆ ನಿರ್ಧರಿಸಿತು.

ಆ ಮರುಸಮೀಕ್ಷೆ ಬೆಂಗಳೂರಿನ ಮನೆಬಾಗಿಲಿಗೆ ಬಂದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಕರೆಂಟ್ ಮೀಟರ್ ಆಧಾರದ ಮೇಲೆ ಮನೆ ಗುರುತಿಸಿ, ಬಾಗಿಲಿಗೆ ಮನೆ ಗುರುತಿನ ಸಂಖ್ಯೆಯ (ಯುಎಚ್‌ಐಡಿ) ಸ್ಟಿಕ್ಕರ್ ಅಂಟಿಸಿದರು. ಹಿಂದೆಯೇ ಮೊಬೈಲ್ ಆ್ಯಪ್ ಹಿಡಿದು ಗಣತಿದಾರರು ಬಂದರು. ಅರವತ್ತು ಪ್ರಶ್ನೆ: ಜಾತಿ, ಉಪಜಾತಿ, ಓದು, ಕಸುಬು, ಸಾಲ, ಮನೆ. ಮಾಹಿತಿ ಕೊಡುವುದು ಐಚ್ಛಿಕ, ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಹೈಕೋರ್ಟ್ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ರಾಜ್ಯದ ಬೇರೆ ಕಡೆಗಿಂತ ರಾಜಧಾನಿಯಲ್ಲಿ ಕೆಲಸ ನಿಧಾನವಾಯಿತು. ಸೆಕ್ಯುರಿಟಿ ಗೇಟ್ ದಾಟುವುದೇ ಕಷ್ಟ. ದಾಟಿದರೂ ‘ನಮಗೆ ಇದೆಲ್ಲ ಬೇಡ’ ಎಂಬ ಉತ್ತರ. ಹಾಗೆನ್ನುವ ಹಕ್ಕು ಅವರಿಗಿದೆ. ಆದರೆ ಬೇಡ ಎನ್ನುವ ಅನುಕೂಲ ಇರುವುದು ಜಾತಿಯ ಹೆಸರು ಹೇಳದೆಯೂ ಬಾಡಿಗೆ ಮನೆ, ನೌಕರಿ, ಮರ್ಯಾದೆ ಸಿಗುವವರಿಗೆ. ಹೆಸರು ಹೇಳದೆ ಪಾಲು ಸಿಗದವರು ಬಾಗಿಲು ತೆರೆದು ಅರವತ್ತಕ್ಕೂ ಉತ್ತರ ಕೊಟ್ಟರು.

ಪಾಲಿನ ಜಗಳದಲ್ಲಿ ಪಾಲಿಕೆಯೇ ಇಲ್ಲ

ಎಣಿಕೆಯ ಪ್ರಶ್ನೆ ವಾರ್ಡ್ ಮಟ್ಟದಲ್ಲಿ ಏನು ಮಾಡಿತು ಎಂಬುದಕ್ಕೆ ಬೆಂಗಳೂರಿನ ಇತ್ತೀಚಿನ ಇತಿಹಾಸವೇ ಉತ್ತರ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿಗೆ ತಾಜಾ ಅಂಕಿಅಂಶ ಬೇಕು, ಒಟ್ಟು ಮೀಸಲಾತಿ ಶೇ 50 ದಾಟಬಾರದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2010ರ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಹೇಳಿ, 2021ರಲ್ಲಿ ಮೂರು ಹಂತದ ಪರೀಕ್ಷೆಯಾಗಿ ಗಟ್ಟಿ ಮಾಡಿತು.

ಅಷ್ಟರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತು. 198 ವಾರ್ಡ್ 243 ಆಯಿತು. ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು, ವರದಿ ಬಂತು. 2022ರ ಆಗಸ್ಟ್‌ನಲ್ಲಿ ಹೊರಟ ಮೀಸಲಾತಿ ಪಟ್ಟಿಯಲ್ಲಿ ಮಹಿಳೆ ಹಾಗೂ ಹಿಂದುಳಿದ ವರ್ಗದ ಹಂಚಿಕೆಯನ್ನು ಸೆಪ್ಟೆಂಬರ್ 30ರಂದು ಹೈಕೋರ್ಟ್ ರದ್ದು ಮಾಡಿತು. ಸರ್ಕಾರ ಬದಲಾಯಿತು, 243 ವಾರ್ಡ್ 225 ಆಯಿತು. ಕೊನೆಗೆ ಬಿಬಿಎಂಪಿಯೇ ಹೋಯಿತು. 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿ, ಸೆಪ್ಟೆಂಬರ್ 2ರಿಂದ ಐದು ಪಾಲಿಕೆ. ಕೊಡಿಗೇಹಳ್ಳಿ ಈಗ ಬೆಂಗಳೂರು ಉತ್ತರದಲ್ಲಿದೆ. ಒಂದು ಕೌನ್ಸಿಲಿನ ಪೂರ್ತಿ ಅವಧಿಯಷ್ಟು ಕಾಲ, ಐದು ವರ್ಷ, ಈ ಊರಿಗೆ ಕಾರ್ಪೊರೇಟರ್ ಇರಲಿಲ್ಲ. ದೂರು ಕೊಡಬೇಕಾದರೆ ಎಂಜಿನಿಯರ್, ಇಲ್ಲವೇ ಶಾಸಕರ ಕಚೇರಿ.

ಪಾಲಿನ ಲೆಕ್ಕ ಸರಿಯಿಲ್ಲ ಎಂದು ಕೋರ್ಟಿಗೆ ಹೋಗುವುದು ತಪ್ಪಲ್ಲ. ಆದರೆ ಈ ಐದು ವರ್ಷದಲ್ಲಿ ನಷ್ಟ ಯಾರಿಗಾಯಿತು? ಅಧಿಕಾರಸ್ಥ ಜಾತಿಗಳಿಗೆ ಶಾಸಕರಿದ್ದಾರೆ, ಮಂತ್ರಿಗಳಿದ್ದಾರೆ, ಮಠಗಳಿವೆ. ಸವಿತಾ ಸಮಾಜದ, ಮಡಿವಾಳರ, ಅಲೆಮಾರಿ ಸಮುದಾಯದ ಹುಡುಗನಿಗೋ ಹೆಣ್ಣುಮಗಳಿಗೋ ರಾಜಕೀಯದಲ್ಲಿ ಕೈಗೆಟಕುವ ಮೊದಲ ಮೆಟ್ಟಿಲು ವಾರ್ಡ್ ಒಂದೇ. ಚುನಾವಣೆ ನಿಂತಾಗ ಅವರ ಸರದಿ ಮುಂದಕ್ಕೆ ಹೋಗಲಿಲ್ಲ, ಕಳೆದೇಹೋಯಿತು.

ಪಾಲು ಬೇಡ ಎನ್ನುವವರಿಗೆ ಲೆಬನಾನನ್ನು ತೋರಿಸುವುದು ಸುಲಭ. ಆದರೆ ಅಲ್ಲಿ ಕೆಟ್ಟದ್ದು ಪಾಲಿನಿಂದಲ್ಲ, ಅಲುಗಾಡದ ಪಾಲಿನಿಂದ. ಕರ್ನಾಟಕ ತಿರುಗುವ ಪಾಲನ್ನು ಕಂಡುಕೊಂಡಿತು. ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ದೊಡ್ಡ ಸಿದ್ಧಾಂತವೇನಲ್ಲ. ಗಣತಿಯ ಅಂಕಿ ಯಾರಿಗೆ ಹಿತವೋ ಅಹಿತವೋ ಪ್ರಕಟವಾಗಬೇಕು. ಆವರ್ತನದ ಕ್ರಮವನ್ನು ಚುನಾವಣೆಗೆ ವರ್ಷ ಮೊದಲೇ, ಸರ್ಕಾರದ ಕೈಗೆ ಸಿಗದಂತೆ ರಾಜ್ಯ ಚುನಾವಣಾ ಆಯೋಗವೇ ನಿಗದಿ ಮಾಡಬೇಕು. ಒಂದು ವಾರ್ಡಿನ ಮೀಸಲು ಎರಡು ಅವಧಿ ನಿಲ್ಲಬೇಕು. ಗೆದ್ದವರು ಕೆಲಸ ತೋರಿಸಿ ಮತ್ತೆ ಮತ ಕೇಳುವಂತಾಗಬೇಕು. ಮುಖ್ಯವಾಗಿ, ಹೊಸ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡರೆ ಹಳೆಯ ಪಟ್ಟಿಯಲ್ಲೇ ಚುನಾವಣೆ ನಡೆಯಬೇಕೆಂದು ಕಾಯ್ದೆಯಲ್ಲೇ ಬರೆಯಬೇಕು. ಕುಂಟುವ ಪಟ್ಟಿಯಿಂದ ಗೆದ್ದ ಕಾರ್ಪೊರೇಟರನ್ನು ಐದು ವರ್ಷಕ್ಕೆ ಇಳಿಸಬಹುದು. ಬರದೇ ಇದ್ದ ಚುನಾವಣೆಯನ್ನು ಮತ ಹಾಕಿ ಸೋಲಿಸುವ ದಾರಿ ಯಾವ ಜಾತಿಗೂ ಇಲ್ಲ.